ಮೂಕಪ್ರಾಣಿಯ ಮೇಲಿನ ಪ್ರೀತಿಗೆ ವಿದ್ಯೆ ಬೇಕೇ?

ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್ ಎಂಬ ಮಾತುಗಳೇ ಕೇಳಿಬರುತ್ತವೆ. ಇವುಗಳ ನಡುವೆ ಮಗನೋ ಮಗಳೋ "ನಾನು ಪಶುವಿಜ್ಞಾನ ಓದುತ್ತೇನೆ" ಎಂದರೆ ತಂದೆತಾಯಿ ಅರೆಗಳಿಗೆ ಸುಮ್ಮನಾಗುತ್ತಾರೆ. ಯಾಕೆಂದು ಕೇಳಿದರೆ ಮಕ್ಕಳ ಉತ್ತರ ಸಾಮಾನ್ಯವಾಗಿ ಒಂದೇ: "ನನಗೆ ಪ್ರಾಣಿಗಳೆಂದರೆ ಇಷ್ಟ."

ಈ ಇಷ್ಟ ಒಳ್ಳೆಯದೇ. ಆದರೆ ಕಾಲೇಜಿನಲ್ಲಿ ಅದಕ್ಕೆ ಕಠಿಣ ಪರೀಕ್ಷೆ ಕಾದಿರುತ್ತದೆ. ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆಂದೇ 2004ರ ಕಾಯಿದೆಯಿಂದ ಸ್ಥಾಪಿತವಾದ ಸರ್ಕಾರಿ ವಿಶ್ವವಿದ್ಯಾಲಯವೊಂದು ಬೀದರಿನಲ್ಲಿದೆ. ಅದರ ಪಶುವೈದ್ಯಕೀಯ ಕಾಲೇಜುಗಳು ಬೀದರ್, ಹಾಸನ, ಶಿವಮೊಗ್ಗ ಮುಂತಾದ ಕಡೆ ಇವೆ. ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರಷ್ಟು ಹಳೆಯದು. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಆರಂಭದಲ್ಲೇ ಸತ್ತ ಪ್ರಾಣಿಯ ದೇಹವನ್ನು ಕೊಯ್ದು ಅಂಗರಚನೆ ಕಲಿಯಬೇಕು. ಬಳಿಕ ಮೇವಿನ ಖರ್ಚು, ಹಾಲಿನ ಇಳುವರಿ, ತಳಿ ಅಭಿವೃದ್ಧಿ, ಮಾಂಸದ ಗುಣಮಟ್ಟ. ಹೀಗೆ ಪ್ರಾಣಿಯನ್ನು ಲೀಟರು ಕಿಲೋಗಳಲ್ಲಿ ಅಳೆಯಲು ಕಲಿತವರ ಮನಸ್ಸು ಕಲ್ಲಾಗುವುದಿಲ್ಲವೇ? ಇದು ನ್ಯಾಯವಾದ ಪ್ರಶ್ನೆ.

ಉತ್ತರಿಸುವ ಮೊದಲು ಇನ್ನೊಂದು ಬದಿಯನ್ನು ನೋಡೋಣ. ಮದುವೆಯ ಮರುದಿನ, ಹಬ್ಬದ ಸಂಜೆ, ಉಳಿದ ಅನ್ನ ಪಾಯಸಗಳನ್ನು "ಪಾಪ, ಅದೂ ತಿನ್ನಲಿ" ಎಂದು ಹಸುವಿನ ಮುಂದೆ ಬಕೆಟ್ಟುಗಟ್ಟಲೆ ಸುರಿಯುವವರಿದ್ದಾರೆ. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳು. ಮೊದಲ ಕೋಣೆಯಲ್ಲಿ ಹುಲ್ಲನ್ನು ಜೀರ್ಣಿಸಲು ನೆರವಾಗುವ ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಅಲ್ಲಿಗೆ ಒಮ್ಮೆಲೇ ರಾಶಿ ಅನ್ನ ಬಿದ್ದರೆ ಅದು ಬೇಗ ಹುಳಿತು ಆಮ್ಲ ಹೆಚ್ಚುತ್ತದೆ. ಉಪಕಾರಿ ಸೂಕ್ಷ್ಮಜೀವಿಗಳು ಸಾಯುತ್ತವೆ. ಹಸು ಮೇವು ಬಿಡುತ್ತದೆ, ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ, ಮಲಗಿದರೆ ಏಳಲಾರದು. ಚಿಕಿತ್ಸೆ ತಡವಾದರೆ ಜೀವವೇ ಹೋಗುತ್ತದೆ. ಉಣಿಸಿದ ಕೈಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಆ ಪ್ರಾಣಿಗೆ ಯಾವುದು ಒಳ್ಳೆಯದೆಂಬ ತಿಳಿವಳಿಕೆ ಮಾತ್ರ ಇರಲಿಲ್ಲ.

ವಿದ್ಯೆಯು ದಯೆಗೆ ಕಣ್ಣು ಕೊಡಬಲ್ಲದು ಎಂಬುದಕ್ಕೆ ದೂರದ ಅಮೆರಿಕದಲ್ಲೊಂದು ನಿದರ್ಶನವಿದೆ. ಟೆಂಪಲ್ ಗ್ರ್ಯಾಂಡಿನ್ ಎಂಬ ವಿಜ್ಞಾನಿ 1990ರಲ್ಲಿ ಕೊಲೊರಾಡೊ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದರ ಪಶುವಿಜ್ಞಾನ ವಿಭಾಗವನ್ನು ಸೇರಿದರು. ಆಟಿಸಂ ಇದ್ದುದರಿಂದ ಬಾಲ್ಯದಲ್ಲಿ ಅವರಿಗೆ ಮಾತು ಬಂದದ್ದೇ ತಡವಾಗಿ. ಕಸಾಯಿಖಾನೆಯ ಓಣಿಯಲ್ಲಿ ದನಗಳು ಬೆದರಿ ನಿಂತಾಗ ಆಳುಗಳು ಹೊಡೆದು ನೂಕುತ್ತಿದ್ದರು. ಗ್ರ್ಯಾಂಡಿನ್ ಅದೇ ಓಣಿಯೊಳಗೆ ಇಳಿದು, ದನದ ಕಣ್ಣಿನ ಎತ್ತರದಿಂದ ನೋಡಿದರು. ತೂಗಾಡುವ ಒಂದು ಸರಪಳಿ, ನೆಲದ ಮೇಲಿನ ನೆರಳು, ನೀರಿನ ಹೊಳಪು, ಇಂಥ ಸಣ್ಣ ಸಂಗತಿಗಳೇ ಅವನ್ನು ಹೆದರಿಸುತ್ತಿದ್ದವು. ಅವನ್ನು ತೆಗೆದುಹಾಕಿದರೆ ಕೋಲಿನ ಅಗತ್ಯ ಬಹಳಷ್ಟು ತಪ್ಪುತ್ತದೆ. ಸಾಯಲಿರುವ ಪ್ರಾಣಿಯ ಭಯವನ್ನೂ ಕಡಿಮೆ ಮಾಡಬೇಕೆಂದು ಒಬ್ಬರು ಜೀವನವಿಡೀ ದುಡಿದದ್ದು ಸಣ್ಣ ವಿಷಯವಲ್ಲ.

ಆದರೂ ವಿದ್ಯೆ ಎಲ್ಲವನ್ನೂ ಬಗೆಹರಿಸುವುದಿಲ್ಲ. ಹೈನುಗಾರಿಕೆಯಲ್ಲಿ ಹುಟ್ಟುವ ಗಂಡು ಕರುವನ್ನೇ ನೋಡಿ. ಅದು ಹಾಲು ಕೊಡದು. ಟ್ರ್ಯಾಕ್ಟರ್ ಬಂದ ಮೇಲೆ ಉಳುಮೆಗೂ ಹೆಚ್ಚಾಗಿ ಬೇಡ. ಎಷ್ಟೋ ಕೊಟ್ಟಿಗೆಗಳಲ್ಲಿ ಅದಕ್ಕೆ ಸಾಕಷ್ಟು ಹಾಲೂ ಸಿಗುವುದಿಲ್ಲ. ನೂರಕ್ಕೆ ಸುಮಾರು ತೊಂಬತ್ತು ಹೆಣ್ಣು ಕರುಗಳೇ ಹುಟ್ಟುವಂತೆ ಗರ್ಭಧಾರಣೆ ಮಾಡಿಸುವ ತಂತ್ರವನ್ನು ವಿಜ್ಞಾನ ಈಗ ಕೊಟ್ಟಿದೆ. ಆದರೆ ಉಳಿದ ಹತ್ತರ ಗತಿ? ಇದನ್ನು ವಿದ್ಯಾರ್ಥಿಯ ತಲೆಗೆ ಮಾತ್ರ ಕಟ್ಟುವಂತಿಲ್ಲ. ಬೆಳಗಿನ ಕಾಫಿಗೆ ಹಾಲು ಬೆರೆಸುವ ನಾವೆಲ್ಲರೂ ಇದರಲ್ಲಿ ಪಾಲುದಾರರು.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಇಲ್ಲಿ ಎರಡೂ ಮಾತನ್ನು ಹೇಳುತ್ತದೆ. ಆಹಾರಕ್ಕೂ ಉಡುಪಿಗೂ ಪ್ರಾಣಿಗಳನ್ನು ಬಳಸುವುದು ಸಲ್ಲುತ್ತದೆ. ಆದರೆ ಅಗತ್ಯವಿಲ್ಲದೆ ಅವನ್ನು ನರಳಿಸುವುದೂ ಕೊಲ್ಲುವುದೂ ಮನುಷ್ಯನ ಘನತೆಗೇ ವಿರುದ್ಧ. ಮನುಷ್ಯರ ಕಷ್ಟ ಪರಿಹಾರಕ್ಕೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯಬಾರದೆಂಬ ಎಚ್ಚರಿಕೆಯೂ ಅಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಇವೆರಡೂ ಒಂದೇ ಕೊಟ್ಟಿಗೆಯಲ್ಲಿ ಕೂಡಿಕೊಳ್ಳುತ್ತವೆ. ಒಂದೇ ಹಸುವಿನ ಹಾಲನ್ನು ಡೇರಿಗೆ ಹಾಕಿ ಮಕ್ಕಳನ್ನು ಓದಿಸುವ ವಿಧವೆಯ ಹಸು ಕಾಯಿಲೆ ಬಿದ್ದಾಗ, ಅದನ್ನು ಉಳಿಸುವುದು ಆ ಮನೆಯನ್ನು ಉಳಿಸಿದಂತೆಯೇ.

ಆದ್ದರಿಂದ ತಂದೆತಾಯಂದಿರೇ, ಮಕ್ಕಳು ಈ ದಾರಿ ಹಿಡಿದರೆ ತಡೆಯಬೇಡಿ. ಸರ್ಕಾರಿ ಕಾಲೇಜಿನ ಓದಿಗೆ ಜನರ ತೆರಿಗೆಯ ಹಣವೂ ಸೇರಿದೆ, ಅದರಲ್ಲಿ ಆ ವಿಧವೆಯ ಕಾಸೂ ಇದೆ ಎಂದು ನೆನಪಿಸಿ. ರಜೆಗೆ ಬಂದಾಗ ಅಂಕಗಳ ಜೊತೆಗೆ, ಕಾಲೇಜಿನಲ್ಲಿ ಏನು ನೋಡಿದರು, ಯಾವುದು ಮನಸ್ಸನ್ನು ಕಲಕಿತು ಎಂದೂ ಕೇಳಿ. ಕಲಕಿತೆಂದರೆ ಅದನ್ನು ದೌರ್ಬಲ್ಯವೆಂದು ಹೀಗಳೆಯಬೇಡಿ. ನರಳುವ ಪ್ರಾಣಿಯ ಮುಂದೆ ನಿಂತು ಕೈ ನಡುಗದಂತೆ ಕೆಲಸ ಮಾಡುವುದನ್ನು ಅವರು ಕಲಿಯಲೇಬೇಕು. ಅದರ ನರಳಿಕೆ ಕೇಳಿಸದಂತಾದರೆ ಮಾತ್ರ ನಾವು ಚಿಂತಿಸಬೇಕು.