ಮಾರುವವನ ಮೌನ

ತುಮಕೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ. ಹೀಗೆ ಬದುಕುವವರಿಗೆ ನಡುವಿನ ದಾರಿ ಸುಮಾರು 70 ಕಿಲೋಮೀಟರ್. ಪಾಳಿಯ ಹೊತ್ತಿಗೆ ರೈಲೂ ಬಸ್ಸೂ ಒದಗದವರು, ಹೊಸ ಕಾರಿನ ಕಂತು ಕಟ್ಟಲಾಗದವರು ಕೊನೆಗೆ ಹುಡುಕುವುದು ಎಂಟು ಹತ್ತು ವರ್ಷ ಹಳೆಯದಾದ ಒಂದು ಸಣ್ಣ ಕಾರನ್ನು. ಹೋಗಿ ಬರಲು ದಿನಕ್ಕೆ 140 ಕಿಲೋಮೀಟರ್, ವರ್ಷಕ್ಕೆ 250 ದಿನ ಕೆಲಸವೆಂದು ಹಿಡಿದರೂ 35,000 ಕಿಲೋಮೀಟರ್. ಹಬ್ಬಕ್ಕೆ, ಮದುವೆಗೆ, ಭಾನುವಾರದ ದೇವಸ್ಥಾನಕ್ಕೆ ಮಾತ್ರ ಕಾರು ತೆಗೆಯುವ ಮನೆಯವರು ಹಲವು ವರ್ಷಗಳಲ್ಲಿ ಓಡಿಸುವುದನ್ನು ಇವರು ಒಂದೇ ವರ್ಷದಲ್ಲಿ ಓಡಿಸಿ ಮುಗಿಸುತ್ತಾರೆ. ಇಂಥ ಕಾರು ಕೊಳ್ಳುವಾಗ ಏನೇನು ನೋಡಬೇಕೆಂದು ಬುದ್ಧಿ ಹೇಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಮಾರುವವನು ಏನು ಹೇಳಬೇಕೆಂದು ಕೇಳುವವರು ಮಾತ್ರ ಅಪರೂಪ. ತನಗೆ ಗೊತ್ತಿರುವ, ಕೊಳ್ಳುವವನ ಕಣ್ಣಿಗೆ ಬೀಳದ ದೋಷವನ್ನು ಮಾರುವವನು ಕೇಳದಿದ್ದರೂ ಹೇಳಬೇಕೆ? ಹೇಳಲೇಬೇಕು, ಹೇಳದೆ ಪಡೆದ ಹಣದಲ್ಲಿ ಒಂದು ಪಾಲು ಅವನದಲ್ಲ ಎಂಬುದು ನನ್ನ ವಾದ. ವ್ಯಾಪಾರದ ಜಾಣತನದ ಲೆಕ್ಕಕ್ಕೆ ಸೇರಿಸಿ ಬಿಟ್ಟುಬಿಡುವ ವಿಷಯ ಇದಲ್ಲ. ಇದು ಧರ್ಮದ ಪ್ರಶ್ನೆ.

ನಮ್ಮ ಕಾನೂನು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ ವಂಚನೆ ಎಂದರೇನೆಂದು ಹೇಳುತ್ತದೆ. ದೋಷವನ್ನು ಬೇಕೆಂದೇ ಮರೆಮಾಚಿದರೆ ಅದು ವಂಚನೆ. ಬರೀ ಸುಮ್ಮನಿದ್ದರೆ, ಮಾತಾಡುವ ಹೊಣೆ ಇಲ್ಲದ ಕಡೆ, ಅದು ವಂಚನೆಯಲ್ಲ. ಇದನ್ನು ಬಿಡಿಸಿ ಹೇಳಲು ಕಾಯ್ದೆಯೇ ಕುದುರೆಯೊಂದರ ಉದಾಹರಣೆಗಳನ್ನು ಕೊಡುತ್ತದೆ. ಒಬ್ಬಾತ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದಕ್ಕೆ ಐಬಿದೆಯೆಂದು ಅವನಿಗೆ ಗೊತ್ತು, ಆದರೆ ಬಾಯಿ ಬಿಡುವುದಿಲ್ಲ. ಇದು ವಂಚನೆಯಲ್ಲ ಎನ್ನುತ್ತದೆ ಕಾಯ್ದೆ. ಅದೇ ಕುದುರೆಯನ್ನು ಕೊಳ್ಳುವವಳು ಅವನದೇ ಮಗಳು, ಈಗಷ್ಟೇ ವಯಸ್ಸಿಗೆ ಬಂದವಳು ಎಂದಿಟ್ಟುಕೊಳ್ಳಿ. ಆಗ ಐಬನ್ನು ಹೇಳುವುದು ಅವನ ಹೊಣೆ. ಕೊಳ್ಳುವವನು ಮುಂದೆ ಬಂದು, ನೀವು ಇಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದೇ ತಿಳಿಯುತ್ತೇನೆ ಎಂದಾಗ ಸುಮ್ಮನಿದ್ದರೂ ಆ ಮೌನ ಮಾತಿಗೆ ಸಮ. ಕುದುರೆಯ ಜಾಗದಲ್ಲಿ ಕಾರನ್ನಿಟ್ಟರೆ ನಮ್ಮ ಕಾಲದ ಪ್ರಶ್ನೆ ಸಿದ್ಧವಾಗುತ್ತದೆ. ಆ ಕಾಯ್ದೆ ಬರೆದವರಿಗೆ ಒಂದು ಸತ್ಯ ತಿಳಿದಿತ್ತು: ಒಬ್ಬರು ಇನ್ನೊಬ್ಬರನ್ನು ನಂಬಿಯೇ ನಿಲ್ಲಬೇಕಾದ ಸ್ಥಿತಿಯಲ್ಲಿ ಮೌನಕ್ಕೆ ಬೇರೆಯ ತೂಕ ಬರುತ್ತದೆ. ಕಾನೂನು ಆ ಹೊಣೆಯನ್ನು ಮಗಳಂಥ ಹತ್ತಿರದವರ ಸುತ್ತ ಬೇಲಿ ಹಾಕಿ ನಿಲ್ಲಿಸಿತು. ಮಗಳಿಗೆ ಮಾಡಬಾರದ್ದನ್ನು ಪರರ ಮಗಳಿಗೆ ಏಕೆ ಮಾಡಬಹುದು ಎಂದು ಕೇಳುವ ಕೆಲಸ ಕಾನೂನಿನದಲ್ಲ, ಧರ್ಮದ್ದು.

ಹಳೆಯ ಕಾರಿನಲ್ಲಿ ಈ ನಂಬಿಕೆ ಎಷ್ಟು ಆಳಕ್ಕೆ ಹೋಗುತ್ತದೆಂಬುದನ್ನು ಒಂದೆರಡು ಸಂಗತಿಗಳಿಂದ ಅಳೆಯಬಹುದು. 1,20,000 ಕಿಲೋಮೀಟರ್ ಓಡಿದ ಕಾರಿನ ಮೀಟರನ್ನು ಯಾರೋ ಹಿಂದೆ ತಿರುಗಿಸಿ 50,000ಕ್ಕೆ ತಂದಿದ್ದಾರೆ. ಈಗ ಮಾರುತ್ತಿರುವವನು ತಾನು ತಿರುಗಿಸಿದವನಲ್ಲ, ಆದರೆ ಅವನಿಗೆ ಗೊತ್ತು. ನಡುವಿನ 70,000 ಕಿಲೋಮೀಟರ್ ಎಂದರೆ ನಮ್ಮ ತುಮಕೂರಿನ ಪ್ರಯಾಣಿಕನಿಗೆ ಸರಿಯಾಗಿ ಎರಡು ವರ್ಷದ ಓಡಾಟ. ಎರಡು ವರ್ಷ ಬಾಳುತ್ತದೆಂದು ನಂಬಿ ಹಣ ಕೊಟ್ಟ ಬಾಳಿಕೆ ಕೊಳ್ಳುವ ದಿನವೇ ಮುಗಿದುಹೋಗಿರುತ್ತದೆ. ಕೆಲವು ಇಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಎಂಬ ರಬ್ಬರಿನ ಪಟ್ಟಿ ಇರುತ್ತದೆ. ಇಂತಿಷ್ಟು ಕಿಲೋಮೀಟರಿಗೆ ಅದನ್ನು ಬದಲಿಸಲೇಬೇಕು. ಮೀಟರನ್ನು ನಂಬಿ ಬದಲಿಸದೆ ಬಿಟ್ಟವನಿಗೆ ಅದು ಹೆದ್ದಾರಿಯ ನಡುವೆ ಹರಿಯುತ್ತದೆ. ಇಂಜಿನ್ ಅಲ್ಲೇ ನಿಲ್ಲುತ್ತದೆ, ವಾಲ್ವ್‌ಗಳು ಬಾಗಿ ಇಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ನೀರಿನಲ್ಲಿ ಮುಳುಗಿದ ಕಾರಿನ ಕಥೆ ಇನ್ನೂ ಕಷ್ಟದ್ದು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರದ ಸುತ್ತಮುತ್ತ ನೀರು ನುಗ್ಗಿದಾಗ ಎಷ್ಟೋ ಕಾರುಗಳು ಮುಳುಗಿದವು. ಮುಳುಗಿದ ಕಾರನ್ನು ತೊಳೆದು, ಒಣಗಿಸಿ, ಸೀಟಿನ ಬಟ್ಟೆ ಬದಲಿಸಿದರೆ ಹೊರನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ವೈರಿಂಗಿನ ಕೀಲುಗಳಲ್ಲಿ, ಇಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಭಾಗಗಳಲ್ಲಿ ತುಕ್ಕು ತಿಂಗಳುಗಟ್ಟಲೆ ಒಳಗೊಳಗೇ ಬೆಳೆಯುತ್ತದೆ. ಅಪಘಾತದಲ್ಲಿ ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಹಾಕಿಸದೆ ಡ್ಯಾಶ್‌ಬೋರ್ಡ್ ಮುಚ್ಚಿ, ಎಚ್ಚರಿಕೆಯ ದೀಪವನ್ನೂ ಕಿತ್ತುಹಾಕಿದ ಕಾರುಗಳಿವೆ. ಅಂಥ ಕಾರಿನಲ್ಲಿ ದಿನಕ್ಕೆ ಮೂರು ತಾಸು ಕೂರುವವನು ಇಲ್ಲದ ಏರ್‌ಬ್ಯಾಗನ್ನು ನಂಬಿ ಹೆದ್ದಾರಿಗೆ ಇಳಿಯುತ್ತಾನೆ.

ಇಲ್ಲಿ ಆಗುತ್ತಿರುವುದನ್ನು ಸುಳ್ಳು ಎಂದಷ್ಟೇ ಕರೆದರೆ ಸಾಲದು. ಸುಳ್ಳು ಮಾತಿನ ದೋಷ. ಇಲ್ಲಿ ವಸ್ತುವೇ ಕೈಬದಲಾಗಿದೆ, ಇನ್ನೊಬ್ಬನ ದುಡಿಮೆಯ ಫಲ ಅವನಿಗೆ ತಿಳಿಯದಂತೆ ಇತ್ತ ಬಂದಿದೆ. ಜೈನರ ತತ್ತ್ವಾರ್ಥಸೂತ್ರ ಈ ವಿಷಯದಲ್ಲಿ ತುಂಬ ಸೂಕ್ಷ್ಮವಾಗಿ ಯೋಚಿಸಿದೆ. ತೂಕ ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ, ಕೀಳು ಸರಕನ್ನು ಒಳ್ಳೆಯದರ ವೇಷದಲ್ಲಿ ದಾಟಿಸುವುದನ್ನೂ ಅದು ಸತ್ಯವ್ರತದ ದೋಷಗಳ ಸಾಲಿನಲ್ಲಿ ಇಡುವುದಿಲ್ಲ. ಕದಿಯದಿರುವ ವ್ರತದ ದೋಷಗಳಲ್ಲಿ ಇಡುತ್ತದೆ. ಈ ವಿಂಗಡಣೆ ನನಗೆ ತೀರ ಸರಿಯೆನಿಸುತ್ತದೆ. ಮೌನವಾಗಿದ್ದವನು, ನಾನು ಒಂದು ಸುಳ್ಳನ್ನೂ ಆಡಲಿಲ್ಲವಲ್ಲ ಎಂದು ತನ್ನನ್ನು ಸಮಾಧಾನಪಡಿಸಿಕೊಳ್ಳಬಹುದು. ನಾನು ಏನನ್ನೂ ತೆಗೆದುಕೊಳ್ಳಲಿಲ್ಲ ಎಂದು ಅವನು ಹೇಳಲಾರ. ಶರಣರ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ಇದೆ: ಗಂಡ ಮಾರಯ್ಯ ಎಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಅದನ್ನು ಮರಳಿ ಸುರಿದು ಬರಲು ಕಳಿಸಿದಳು. ಆ ಅಕ್ಕಿ ಯಾರನ್ನೂ ಮೋಸಮಾಡಿ ತಂದದ್ದಲ್ಲ. ಆದರೂ ತಮ್ಮ ಪಾಲಿಗೆ ಮೀರಿದ್ದು ಮನೆಗೆ ಬರಕೂಡದೆಂಬ ಎಚ್ಚರ ಅವಳದು. ಕಾಯಕದಿಂದ ಬಂದದ್ದು ಶುದ್ಧವಾಗಿರಬೇಕೆಂದು ನಂಬುವ ನಾಡಿನಲ್ಲಿ ಕಾರು ಮಾರಿದ ಹಣಕ್ಕೂ ಆ ಮಾತು ಅನ್ವಯಿಸಬೇಕು.

ಇದಕ್ಕೆ ಮೊದಲ ಆಕ್ಷೇಪ ಎಲ್ಲರ ಬಾಯಲ್ಲೂ ಇದೆ: ಕೊಳ್ಳುವವನಿಗೆ ಕಣ್ಣಿಲ್ಲವೆ? ಮೆಕ್ಯಾನಿಕ್ಕನ್ನು ಕರೆತರಲಿ, ಶೋರೂಮಿನ ಸರ್ವೀಸ್ ದಾಖಲೆ ತರಿಸಲಿ, ಒಮ್ಮೆ ದೂರ ಓಡಿಸಿ ನೋಡಲಿ. ಕರಾರು ಕಾಯ್ದೆಯ 19ನೇ ಸೆಕ್ಷನ್ ಕೂಡ ಇದೇ ದಿಕ್ಕಿನಲ್ಲಿದೆ. ಸಾಮಾನ್ಯ ಜಾಗ್ರತೆಯಿಂದ ಸತ್ಯ ತಿಳಿಯಬಹುದಾಗಿದ್ದರೆ, ಮೌನದಿಂದ ಆದ ವಂಚನೆಯ ಹೆಸರಿನಲ್ಲಿ ಕರಾರು ಮುರಿಯಲಾಗದು. ಕೊಳ್ಳುವವನು ನೋಡಬೇಕು, ಒಪ್ಪುತ್ತೇನೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಅದನ್ನು ಓದದೆ ಟೈರು ಹೊಸದೆಂದು ನಂಬಿದವನು ದೂರುವಂತಿಲ್ಲ. ಆದರೆ ಈ ಆಕ್ಷೇಪ ಒಂದು ಅಂಶವನ್ನು ಮರೆಯುತ್ತದೆ. ನೋಡುವ ಶಕ್ತಿಗೂ ಹಣ ಬೇಕು, ಹೊತ್ತು ಬೇಕು. ಅಗ್ಗದ ಕಾರು ಹುಡುಕುವವನ ಬಳಿ ಎರಡೂ ಕಡಿಮೆ, ಮತ್ತು ಅವನ ಬೆಲೆಗೆ ಸಿಗುವ ಕಾರುಗಳೇ ಹೆಚ್ಚು ಹಳೆಯವು, ಹೆಚ್ಚು ಕೈದಾಟಿದವು. ಜೊತೆಗೆ ಮಾರುವವನು ಆ ಕಾರಿನೊಂದಿಗೆ ಬಾಳಿದ್ದಾನೆ, ಕೊಳ್ಳುವವನು ಅದನ್ನು ಅರ್ಧ ಗಂಟೆ ನೋಡುತ್ತಾನೆ. ಮಳೆಗಾಲದ ಬೆಳಿಗ್ಗೆ ಅದು ಸ್ಟಾರ್ಟ್ ಆಗಲು ಹಟ ಮಾಡುವುದು ಮೊದಲಿನವನಿಗೆ ಗೊತ್ತು; ಇನ್ನೊಬ್ಬನಿಗೆ ಬೇಸಿಗೆಯ ಮಧ್ಯಾಹ್ನದಲ್ಲಿ ಯಾವ ಪರೀಕ್ಷೆಯಿಂದಲೂ ಅದು ತಿಳಿಯದು. ಕಾಯ್ದೆಯ ಉದಾಹರಣೆಯ ಮಗಳು ಯಾವ ಸ್ಥಿತಿಯಲ್ಲಿದ್ದಳೋ ಇವನೂ ಅದೇ ಸ್ಥಿತಿಯಲ್ಲಿದ್ದಾನೆ.

ಹಾಗಾದರೆ ಎಲ್ಲವನ್ನೂ ಹೇಳುತ್ತ ಕೂರಬೇಕೆ, ಹೇಳುವುದಕ್ಕೆ ಕೊನೆಯೆಲ್ಲಿ ಎಂಬುದು ಗಟ್ಟಿಯಾದ ಎರಡನೆಯ ಆಕ್ಷೇಪ. ಇದು ಬಹಳ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಕುರಿತು ಬರೆದ ಗ್ರಂಥದಲ್ಲಿ ಮನೆ ಮಾರುವವನೊಬ್ಬನ ಪ್ರಸಂಗ ಬರುತ್ತದೆ. ಮನೆಯ ಮರಮಟ್ಟು ಕೆಟ್ಟಿದೆ, ಕೋಣೆಗಳಲ್ಲಿ ಹಾವು ಕಾಣಿಸಿಕೊಳ್ಳುತ್ತವೆ, ಮನೆಯವನ ಹೊರತು ಯಾರಿಗೂ ಗೊತ್ತಿಲ್ಲ. ಸ್ಟೋಯಿಕ್ ಪಂಥದ ಇಬ್ಬರು ಇದರ ಮೇಲೆ ಎದುರುಬದುರಾಗುತ್ತಾರೆ. ಕಾನೂನು ಕೇಳಿದಷ್ಟನ್ನು ಹೇಳಿದರೆ ಸಾಕು, ಮುಚ್ಚಿಡುವುದು ಬೇರೆ, ಹೇಳದಿರುವುದು ಬೇರೆ ಎಂಬುದು ಬ್ಯಾಬಿಲೋನಿನ ಡಯಾಜಿನಿಸನ ನಿಲುವು. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೂ ತಿಳಿಯಬೇಕು ಎಂಬುದು ಆಂಟಿಪೇಟರ್‌ನದು. ಸಿಸೆರೊ ಎರಡನೆಯವನ ಪರ ನಿಲ್ಲುತ್ತಾನೆ. ಆದರೆ ಗಡಿ ಎಲ್ಲಿ ಎಂಬುದಕ್ಕೆ ಹೆಚ್ಚು ಬಳಕೆಗೆ ಬರುವ ಉತ್ತರ ಸಿಗುವುದು 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್‌ನಲ್ಲಿ. ಒಕ್ಕಣ್ಣಿನ ಕುದುರೆಯಂತೆ ದೋಷ ಎದುರಿಗೇ ಕಾಣುತ್ತಿದ್ದು, ಬೆಲೆಯೂ ಅದಕ್ಕೆ ತಕ್ಕಂತೆ ಇಳಿದಿದ್ದರೆ ಮಾರುವವನು ಹೇಳಬೇಕಿಲ್ಲ. ದೋಷ ಅಡಗಿದ್ದು, ಅದರಿಂದ ನಷ್ಟವೋ ಅಪಾಯವೋ ಆಗುವಂತಿದ್ದರೆ ಹೇಳದಿರುವುದು ಅಧರ್ಮ. ಇದನ್ನು ಕಾರಿಗೆ ಹಚ್ಚಿದರೆ ಗೊಂದಲ ಬಹುಪಾಲು ಕರಗುತ್ತದೆ. ಬಂಪರಿನ ಗೀರು, ಮಾಸಿದ ಬಣ್ಣ, ಸವೆದ ಸೀಟು ತಾವೇ ಮಾತಾಡುತ್ತವೆ. ಮುಳುಗಡೆ, ದೊಡ್ಡ ಅಪಘಾತ, ಇಲ್ಲದ ಏರ್‌ಬ್ಯಾಗ್, ಸುಳ್ಳು ಹೇಳುವ ಮೀಟರ್, ಎಣ್ಣೆ ಕುಡಿಯುವ ಇಂಜಿನ್ ಮಾತಾಡುವುದಿಲ್ಲ. ಅವುಗಳ ಪರವಾಗಿ ಮಾಲೀಕನೇ ಮಾತಾಡಬೇಕು. ಇಸ್ಲಾಮಿನ ಹದೀಸ್ ಪರಂಪರೆಯಲ್ಲೂ ಇದೇ ವಿವೇಕವಿದೆ. ಪ್ರವಾದಿ ಮುಹಮ್ಮದರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಅಡಿಯಲ್ಲಿ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಜನ ನೋಡುವಂತೆ ಅದನ್ನು ಮೇಲೆ ಇಡಬಾರದಿತ್ತೆ ಎಂದು ಅವರು ಕೇಳಿದರಂತೆ. ಒದ್ದೆ ಧಾನ್ಯ ಮಾರಲೇಬೇಡ ಎನ್ನಲಿಲ್ಲ. ಹಳೆಯ ಕಾರನ್ನೂ, ಐಬಿನ ಕಾರನ್ನೂ ಮಾರಬಹುದು. ಐಬು ಮೇಲಿರಬೇಕು, ಅಷ್ಟೆ.

ಬೆಲೆ ಕಡಿಮೆಯಿದೆಯಲ್ಲ, ಅದರಲ್ಲೇ ಎಲ್ಲ ಸೇರಿತು ಎನ್ನುವವರಿಗೆ ಉತ್ತರ ಚಿಕ್ಕದು. ಬೆಲೆ ಇಳಿದದ್ದು ಕಾರಿನ ವಯಸ್ಸಿಗಾಗಿ, ಅಡಗಿದ ದೋಷಕ್ಕಾಗಿ ಅಲ್ಲ; ದೋಷಕ್ಕೂ ಇಳಿಸಿದ್ದೇ ಆದರೆ ಅದನ್ನು ಹೇಳಿದರೂ ಮಾರುವವನಿಗೆ ಯಾವ ನಷ್ಟವೂ ಆಗದು.

ಆದರೆ ನನಗೆ ನಿಜಕ್ಕೂ ಕಷ್ಟವೆನಿಸುವ ಆಕ್ಷೇಪ ಬೇರೆ. ಎಲ್ಲರೂ ಮುಚ್ಚಿಡುವ ಸಂತೆಯಲ್ಲಿ ಒಬ್ಬನೇ ಬಾಯಿಬಿಟ್ಟರೆ ಅವನ ಕಾರು ಹೋಗುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಪ್ರಬಂಧವೊಂದನ್ನು ಬರೆದರು; 2001ರಲ್ಲಿ ಇನ್ನಿಬ್ಬರೊಂದಿಗೆ ಅವರಿಗೆ ನೊಬೆಲ್ ಸಂದಿತು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಾಗ ಅವನು ಎಲ್ಲದಕ್ಕೂ ನಡುಮಟ್ಟದ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ. ಉಳಿದ ಕಾರುಗಳ ಮಟ್ಟ ಇಳಿಯುತ್ತದೆ, ಅದನ್ನು ಊಹಿಸಿದ ಕೊಳ್ಳುವವನು ಬೆಲೆಯನ್ನು ಇನ್ನಷ್ಟು ಇಳಿಸುತ್ತಾನೆ. ಒಬ್ಬೊಬ್ಬನ ಮೌನವೂ ಹೀಗೆ ತನ್ನ ಗಿರಾಕಿಗೆ ಮಾತ್ರವಲ್ಲ, ತಾನು ಎಂದೂ ಕಾಣದ ಪ್ರಾಮಾಣಿಕ ಮಾಲೀಕನಿಗೂ ನಷ್ಟ ಮಾಡುತ್ತದೆ. ಬಾಯಿಬಿಟ್ಟವನಿಗೆ ನಷ್ಟವಾಗಬಹುದು ಎಂಬುದು ನಿಜ. ಧರ್ಮ ಯಾವಾಗಲೂ ಲಾಭ ತರುತ್ತದೆಂದು ನಾನು ಹೇಳಲಾರೆ, ಹಾಗೆ ಹೇಳಿದರೆ ಅದೂ ಇನ್ನೊಂದು ಬಗೆಯ ಮರೆಮಾಚುವಿಕೆಯೇ ಆದೀತು. ಮಹಾಭಾರತದ ಶಾಂತಿಪರ್ವ ತಲೆಯಲ್ಲಿ ಹಕ್ಕಿ ಗೂಡು ಕಟ್ಟಿದರೂ ಅಲುಗದೆ ತಪಸ್ಸು ಮಾಡಿದ ಜಾಜಲಿಯನ್ನು ಕಾಶಿಯ ವರ್ತಕ ತುಲಾಧಾರನ ಅಂಗಡಿಗೆ ಕಳಿಸುತ್ತದೆ, ಧರ್ಮ ಕಲಿಯಲು. ತುಲಾಧಾರ ತನ್ನ ತಕ್ಕಡಿ ಎಲ್ಲರಿಗೂ ಸಮ ಎಂದು ಹೇಳಿಕೊಳ್ಳುತ್ತಾನೆ. ಅದರಿಂದ ವ್ಯಾಪಾರ ಹೆಚ್ಚಿತೆಂದು ಹೇಳಿಕೊಳ್ಳುವುದಿಲ್ಲ. ತಪಸ್ವಿಗೆ ಗುರುವಾಗಿ ಅಂಗಡಿಯವನನ್ನು ನಿಲ್ಲಿಸಿದ ಆ ಕಥೆಗಾರ, ನಷ್ಟದ ಭಯ ದಿನವೂ ಎದುರಿಗಿರುವ ಜಾಗದಲ್ಲೇ ಧರ್ಮದ ನಿಜವಾದ ಪರೀಕ್ಷೆ ನಡೆಯುತ್ತದೆಂದು ತಿಳಿದಿದ್ದ.

ತಕ್ಕಡಿಗೆ ಎರಡು ತಟ್ಟೆಗಳಿವೆ, ಕೊಳ್ಳುವವನಿಗೂ ಋಣವಿದೆ. ಬೆಲೆ ಇಳಿಸಲು ಇಲ್ಲದ ಐಬು ಹುಟ್ಟಿಸುವುದು, ಮಾಲೀಕನ ಹಣದ ತುರ್ತನ್ನು ಮೂಸಿ ನೋಡಿ ಕತ್ತು ಹಿಸುಕುವುದು ಇದೇ ತಪ್ಪಿನ ಇನ್ನೊಂದು ಮುಖ. ಅದಕ್ಕಿಂತ ಗಂಭೀರವಾದದ್ದು, ಕಾರು ಕೊಂಡು ನೋಂದಣಿ ಪತ್ರವಾದ ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ವರ್ಷಗಟ್ಟಲೆ ಓಡಿಸುವುದು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ಕಾರು ಕೈಬಿಟ್ಟು ಹೋಗಿದ್ದರೂ ಅಪಘಾತದ ಪರಿಹಾರದ ಹೊಣೆ ಅವರ ಮೇಲೆಯೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ. ತನ್ನ ಕಾರಿನ ಬಗ್ಗೆ ಎಲ್ಲವನ್ನೂ ಬಿಚ್ಚಿ ಹೇಳಿದ ಮಾಲೀಕನೂ ಕೊಂಡವನ ಉದಾಸೀನದಿಂದ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾದೀತು. ಮೌನವಾಗಿ ಮಾರುವುದು ಎಷ್ಟು ತಪ್ಪೋ ಕೊಂಡು ಮೌನವಾಗಿರುವುದೂ ಅಷ್ಟೇ ತಪ್ಪು.

ಹಳೆಯ ಕಾರು ಮಾರಲು ಹೊರಟವರಲ್ಲಿ ನನ್ನ ಕೇಳಿಕೆ ಇಷ್ಟು. ಮಾಲೀಕತ್ವ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕುವ ಮುಂಚೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಕಾರು ಎಂದಾದರೂ ನೀರಿನಲ್ಲಿ ಮುಳುಗಿತ್ತೆ, ದೊಡ್ಡ ಅಪಘಾತ ಆಗಿತ್ತೆ, ಮೀಟರ್ ತೋರಿಸುವ ಅಂಕಿ ನಿಮಗೆ ತಿಳಿದಂತೆ ನಿಜವೆ, ಕಳೆದ ವರ್ಷ ಪದೇಪದೇ ರಿಪೇರಿಗೆ ಬಂದದ್ದು ಯಾವುದು, ಇಷ್ಟನ್ನು ಬರೆದು ಸಹಿ ಹಾಕಿ ಕೊಳ್ಳುವವರ ಕೈಗೆ ಕೊಡಿ. ಬ್ರೋಕರ್ ಮೂಲಕ ಮಾರುವುದಾದರೆ ಆ ಹಾಳೆ ಕಾರಿನ ಜೊತೆಗೇ ಹೋಗಲಿ. ಕೊಳ್ಳುವವರು ಅದನ್ನು ಕೇಳಿ ಪಡೆಯಲಿ, ಕೊಡದವರಿಂದ ಕೊಳ್ಳದಿರಲಿ.