ಕತ್ತರಿಗೆ ಒಪ್ಪಿಸಿದ ಠೇವಣಿ

ವ್ಯಾಪಾರಿಯ ಬಾಳಿನಲ್ಲಿ ಠೇವಣಿ ಎಂಬ ಶಬ್ದಕ್ಕೆ ವಿಶೇಷ ಗೌರವವಿದೆ. ಪರರು ನಂಬಿ ಇರಿಸಿದ ವಸ್ತು ನಮ್ಮ ತಿಜೋರಿಯಲ್ಲಿದ್ದರೂ ಅದು ನಮ್ಮದಲ್ಲವೆಂಬ ಎಚ್ಚರವೇ ಅಂಗಡಿಯ ಮರ್ಯಾದೆಯನ್ನು ಕಾಯುತ್ತದೆ. ನಾಲ್ಕು ದಶಕ ಜವಳಿ ವ್ಯಾಪಾರ ಮಾಡಿದ ನನಗೆ ಈ ಎಚ್ಚರವು ಹಣ, ಒಡವೆ, ಕಾಗದಪತ್ರಗಳಿಗೆ ಮಾತ್ರ ಸಲ್ಲುವುದೆಂಬ ಭಾವನೆಯಿತ್ತು. ಮನುಷ್ಯನ ಮುಖ, ಅವನ ಶ್ರಮ, ಅವನು ಮೈಮರೆತ ಒಂದು ಕ್ಷಣ ಕೂಡ ಠೇವಣಿಯಾಗಬಲ್ಲದೆಂಬುದನ್ನು ಕಳೆದ ದೀಪಾವಳಿಯ ರಜೆಯಲ್ಲಿ, ಮೊಮ್ಮಗನ ಗಣಕಯಂತ್ರದ ಮುಂದೆ ಕುಳಿತು ಕಲಿತೆನು.

ಅವನೂ ಅವನ ಸಹಪಾಠಿಗಳೂ ತಾವೇ ಬರೆದು ಹಾಡಿದ ಒಂದು ಕನ್ನಡ ಗೀತೆಗೆ ಚಿತ್ರರೂಪ ಕೊಟ್ಟಿದ್ದರು. ಚಿತ್ರೀಕರಣ ಮುಗಿದಿತ್ತು, ಸಂಕಲನದ ಹೊಣೆ ಇವನ ಪಾಲಿಗೆ ಬಂದಿತ್ತು. ಮೂರು ದಿನಗಳಲ್ಲಿ ಸಂಗ್ರಹವಾದದ್ದು ಸುಮಾರು 6 ಗಂಟೆಗಳ ದೃಶ್ಯ. ಹಾಡಿನ ಅವಧಿ 4 ನಿಮಿಷ. ಲೆಕ್ಕದ ಅಭ್ಯಾಸವುಳ್ಳ ನಾನು ಕಾಗದ ತೆಗೆದು ಗುಣಿಸಿದೆ. ಕ್ಷಣಕ್ಕೆ 24 ಚೌಕಟ್ಟುಗಳಂತೆ 6 ಗಂಟೆಗೆ 5,18,400 ಚೌಕಟ್ಟುಗಳು, ಉಳಿಯತಕ್ಕವು 5,760. ತೊಂಬತ್ತರಲ್ಲಿ ಒಂದು ಪಾಲನ್ನು ಇಟ್ಟುಕೊಂಡು ಎಂಬತ್ತೊಂಬತ್ತು ಪಾಲನ್ನು ಬಿಡಬೇಕು. ಇಷ್ಟೊಂದನ್ನು ಬಿಡುವವನು ಸತ್ಯವನ್ನು ಹೇಳಿದಂತಾಗುವುದೇ ಎಂಬ ಪ್ರಶ್ನೆ ಆಗಲೇ ನನ್ನ ಮನಸ್ಸಿನಲ್ಲಿ ಮೂಡಿತು.

ಈ ಕೆಲಸದ ರೀತಿಯನ್ನು ಪಾಠಕರಿಗೆ ಸ್ವಲ್ಪ ತಿಳಿಸಬೇಕು. ಇಂಥ ಚಿತ್ರದಲ್ಲಿ ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡಿರುತ್ತಾರೆ. ಚಿತ್ರೀಕರಣದ ವೇಳೆ ಅದನ್ನೇ ಧ್ವನಿವರ್ಧಕದಲ್ಲಿ ಹಾಕಿ, ಅದಕ್ಕೆ ಸರಿಯಾಗಿ ತುಟಿಯಾಡಿಸುತ್ತಾರೆ, ಹೆಜ್ಜೆ ಹಾಕುತ್ತಾರೆ. ಒಂದೇ ಚರಣವನ್ನು ಹತ್ತಾರು ಬಾರಿ, ಬೇರೆ ಬೇರೆ ದಿಕ್ಕಿನಿಂದ ಸೆರೆಹಿಡಿಯುತ್ತಾರೆ. ಸಂಕಲನಕಾರನು ಎಲ್ಲವನ್ನೂ ಮೂಲ ಹಾಡಿನ ಅಲೆಗೆರೆಯ ಕೆಳಗೆ ಸಾಲಾಗಿ ಜೋಡಿಸಿಕೊಂಡು, ತಾಳ ಬಿದ್ದೆಡೆ ಕತ್ತರಿಸಿ, ಒಂದರಿಂದ ಇನ್ನೊಂದಕ್ಕೆ ಹಾರುತ್ತಾನೆ. ನಿಮಿಷಕ್ಕೆ 120 ತಾಳಗಳ ಹಾಡಾದರೆ ಪ್ರತಿ 12 ಚೌಕಟ್ಟುಗಳಿಗೊಂದು ತಾಳ. ತುಟಿಯೂ ಶಬ್ದವೂ ಎರಡು ಮೂರು ಚೌಕಟ್ಟು ಹಿಂದುಮುಂದಾದರೆ ನೋಡುವವನಿಗೆ ಏನೋ ತಪ್ಪಿದೆಯೆಂದು ತಿಳಿದುಬಿಡುತ್ತದೆ.

ಹಾಗಾದರೆ ಮೊದಲ ಸಂದೇಹ: ಹಾಡದಿರುವಾಗ ಹಾಡಿದಂತೆ ತೋರಿಸುವುದು ಅಸತ್ಯವಲ್ಲವೇ? ಅಲ್ಲವೆಂದೇ ನನ್ನ ಅಭಿಪ್ರಾಯ. 1935ರಲ್ಲಿ ನಿತಿನ್ ಬೋಸರ ‘ಧೂಪ್ ಛಾವ್’ ಚಿತ್ರದ ಕಾಲದಿಂದ ನಮ್ಮ ದೇಶದ ಪ್ರೇಕ್ಷಕನು ಹಿನ್ನೆಲೆ ಗಾಯನಕ್ಕೆ ಒಗ್ಗಿಕೊಂಡಿದ್ದಾನೆ. ರಂಗದ ಮೇಲಿನ ರಾಜನು ನಿಜವಾದ ರಾಜನಲ್ಲವೆಂದು ಬಲ್ಲವನಿಗೆ ಕಿರೀಟದಿಂದ ಮೋಸವಾಗುವುದಿಲ್ಲ. ಉಭಯರಿಗೂ ತಿಳಿದಿರುವ ರೂಢಿಯಲ್ಲಿ ವಂಚನೆಗೆ ಅವಕಾಶ ಕಡಿಮೆ. ಕಾಲಾವಧಿಯ ಮಿತಿಗಾಗಿ ಬಿಡುವುದೂ ದೋಷವಲ್ಲ. ಗಿರಾಕಿಯ ಮುಂದೆ ಅಂಗಡಿಯ ಸಮಸ್ತ ಥಾನುಗಳನ್ನೂ ಬಿಚ್ಚಿ ಹರಡುವ ವರ್ತಕನು ಯಾರೂ ಇಲ್ಲ.

ಆದರೆ ಮೂರನೆಯ ರಾತ್ರಿ ಬೇರೆ ಬಗೆಯ ಪ್ರಶ್ನೆಗಳು ಎದುರಾದವು.

ನೃತ್ಯದ ನಡುವೆ ಒಬ್ಬ ವಿದ್ಯಾರ್ಥಿನಿ ಕಾಲುಜಾರಿ ಬಿದ್ದ ದೃಶ್ಯವೊಂದಿತ್ತು. ಅದರ ಬೆನ್ನಿಗೆ ಗೆಳೆಯರೆಲ್ಲ ಗಹಗಹಿಸಿ ನಗುವ ದೃಶ್ಯವನ್ನು ಜೋಡಿಸಿದರೆ ಕಾಲೇಜಿನ ಸಭಾಂಗಣವೇ ನಕ್ಕೀತೆಂದು ತಂಡದವರು ಸೂಚಿಸಿದ್ದರು. ಮೊಮ್ಮಗನು ಜೋಡಿಸಿ ತೋರಿಸಿದನು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಲೇಬೇಕು. ಬಳಿಕ ವಿಚಾರಿಸಿದಾಗ, ಆ ನಗು ಊಟದ ವೇಳೆಯಲ್ಲಿ ಯಾರೋ ಹೇಳಿದ ಚಟಾಕಿಗೆ ಬಂದದ್ದೆಂದು ತಿಳಿಯಿತು. ಅವಳು ಬಿದ್ದಾಗ ಯಾರೂ ನಕ್ಕಿರಲಿಲ್ಲ. ಇಬ್ಬರು ಓಡಿಬಂದು ಎತ್ತಿದ್ದರು.

ರಷ್ಯಾದ ಲೆವ್ ಕುಲೆಶೋವ್ ಎಂಬ ಚಿತ್ರಜ್ಞನು ಸುಮಾರು 1920ರ ಹೊತ್ತಿಗೆ ಮಾಡಿದನೆನ್ನಲಾದ ಪ್ರಯೋಗವೊಂದು ಈ ವಿದ್ಯೆಯನ್ನು ಕಲಿಯುವವರೆಲ್ಲರಿಗೂ ಪರಿಚಿತ. ನಟ ಮೊಸ್ಝುಖಿನ್‌ನ ಭಾವಶೂನ್ಯ ಮುಖದ ಒಂದೇ ತುಣುಕನ್ನು ಅವನು ಒಮ್ಮೆ ಸೂಪಿನ ಬಟ್ಟಲಿನೊಡನೆ, ಇನ್ನೊಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿದನು. ನೋಡಿದವರು ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ಶೋಕವನ್ನೂ ಕಂಡು ನಟನನ್ನು ಹೊಗಳಿದರಂತೆ. ಅರ್ಥವು ತುಣುಕಿನಲ್ಲಿಲ್ಲ, ಜೋಡಣೆಯಲ್ಲಿದೆ ಎಂಬುದು ಇದರ ತಾತ್ಪರ್ಯ. ನೈತಿಕ ದೃಷ್ಟಿಯಿಂದ ಇದು ಗಂಭೀರವಾದ ಮಾತು. ಬಿದ್ದದ್ದು ನಿಜ, ನಕ್ಕದ್ದೂ ನಿಜ. ಎರಡು ನಿಜಗಳ ನಡುವಿನ ಸಂಧಿಯಲ್ಲಿ ಒಂದು ಸುಳ್ಳು ಹುಟ್ಟಿತು. ಆ ಸುಳ್ಳಿನಿಂದ ಅವಳು ಗೆಳೆಯರ ನಗೆಗೆ ಗುರಿಯಾದಂತಾಯಿತು, ಅವಳನ್ನು ಎತ್ತಿದ ಗೆಳೆಯರು ನಿರ್ದಯರಾದಂತಾಯಿತು. ಇದು ಪ್ರೇಕ್ಷಕನಿಗೆ ತಿಳಿದಿರುವ ರೂಢಿಯಲ್ಲ. ಇದನ್ನು ಬಲ್ಲವನು ಕತ್ತರಿ ಹಿಡಿದವನೊಬ್ಬನೇ.

ಇನ್ನೊಂದು ಸಂಗತಿ ಕೊಳಲಿನದು. ಹಾಡಿನ ಆರಂಭದ ಕೊಳಲನ್ನು ನುಡಿಸಿದ ಹುಡುಗನಿಗೂ ತಂಡಕ್ಕೂ ಅನಂತರ ವಿರಸವುಂಟಾಗಿತ್ತು. ಅವನನ್ನು ಚಿತ್ರದಿಂದ ತೆಗೆದು, ಬೇರೊಬ್ಬನ ಕೈಗೆ ಕೊಳಲು ಕೊಟ್ಟು ತೆಗೆದ ದೃಶ್ಯವನ್ನು ಸೇರಿಸಬೇಕು, ಹೆಸರನ್ನೂ ಬಿಡಬೇಕು ಎಂಬುದು ಅವರ ಇಚ್ಛೆ. “ಹಿನ್ನೆಲೆ ಗಾಯನ ಸರಿಯಾದರೆ ಹಿನ್ನೆಲೆ ಕೊಳಲು ಏಕೆ ತಪ್ಪು, ಅಜ್ಜಾ?” ಎಂದು ಮೊಮ್ಮಗನು ಕೇಳಿದನು. ನನ್ನ ವಾದವನ್ನೇ ನನಗೆ ತಿರುಗಿಸಿದ್ದನು.

ಉತ್ತರಕ್ಕಾಗಿ ಸ್ವಲ್ಪ ಹೊತ್ತು ಬೇಕಾಯಿತು. ಹಿನ್ನೆಲೆ ಗಾಯನವನ್ನು ಪ್ರಾಮಾಣಿಕವಾಗಿಸುವುದು ಗಾಯಕನ ಹೆಸರು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಗೀತೆಯ ಧ್ವನಿಮುದ್ರಿಕೆಯ ಮೇಲೆ ಲತಾ ಮಂಗೇಶ್ಕರರ ಹೆಸರಿಗೆ ಬದಲಾಗಿ ‘ಕಾಮಿನಿ’ ಎಂಬ ಪಾತ್ರದ ಹೆಸರನ್ನು ಅಚ್ಚು ಮಾಡಿದ್ದರು. ಮುಖವನ್ನು ಬೇರೊಬ್ಬರಿಗೆ ಕೊಡುವುದು ಕಲೆಯ ರೂಢಿ. ಹೆಸರನ್ನೂ ಕಸಿದರೆ ಅದು ಅಪಹರಣ. ನಮ್ಮ ದೇಶದ ಕಾಯಿದೆಯೂ ಈ ವಿವೇಕವನ್ನು ಮಾಡಿದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ಸೇರಿದ ತಿದ್ದುಪಡಿಯು, ಕಲಾವಿದನಿಗೆ ತನ್ನ ಹೆಸರಿನಿಂದ ಗುರುತಿಸಲ್ಪಡುವ ಹಕ್ಕನ್ನೂ, ತನ್ನ ಕೀರ್ತಿಗೆ ಕುಂದಾಗುವಂತೆ ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನೂ ಕೊಟ್ಟಿದೆ. ಸಂಕಲನಕ್ಕಾಗಿ ಅಥವಾ ಕಾಲಮಿತಿಗಾಗಿ ಕೇವಲ ಒಂದು ಭಾಗವನ್ನು ಬಿಟ್ಟ ಮಾತ್ರಕ್ಕೆ ಕುಂದೆಂದು ಎಣಿಸಕೂಡದೆಂದು ಅದೇ ವಿಧಿಯಲ್ಲಿ ವಿವರಣೆಯೂ ಇದೆ. ಬಿಡುವುದು ಬೇರೆ, ಕೆಡಿಸುವುದು ಬೇರೆ.

ಕಾಯಿದೆ ಇಲ್ಲಿಗೆ ನಿಲ್ಲುತ್ತದೆ. ವ್ರತವು ಇನ್ನೂ ಮುಂದೆ ಹೋಗುತ್ತದೆ. ಉಮಾಸ್ವಾಮಿ ಆಚಾರ್ಯರು ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಠೇವಣಿಯನ್ನು ನುಂಗುವುದು ಕಳ್ಳತನವಾಗಬೇಕಲ್ಲದೆ ಸುಳ್ಳು ಹೇಗಾಯಿತೆಂದು ಬಾಲ್ಯದಲ್ಲಿ ನನಗೆ ಸಂಶಯವಿತ್ತು. ಪೂಜ್ಯಪಾದರ ವ್ಯಾಖ್ಯಾನದಿಂದ ಅದು ಪರಿಹಾರವಾಗುತ್ತದೆ. ತಾನು ಇಟ್ಟದ್ದೆಷ್ಟೆಂದು ಮರೆತವನು ಬಂದು ಕಡಿಮೆ ಕೇಳಿದಾಗ, “ಹೌದು, ಅಷ್ಟೇ” ಎಂದು ಒಪ್ಪಿಬಿಡುವುದೇ ಇಲ್ಲಿಯ ದೋಷ. ಕೇಳಿದ್ದನ್ನು ಪೂರ್ತಿ ಕೊಟ್ಟಿದ್ದಾನೆ, ಬಲಾತ್ಕಾರವಿಲ್ಲ. ಆದರೂ ಲೆಕ್ಕ ಬಲ್ಲವನು ಲೆಕ್ಕ ಮರೆತವನ ಅಜ್ಞಾನದಿಂದ ಲಾಭ ಪಡೆದಿದ್ದಾನೆ.

ಸಂಕಲನಕಾರನ ಸ್ಥಿತಿ ಇದೇ ಅಲ್ಲವೇ? ಕ್ಯಾಮೆರಾದ ಮುಂದೆ ನಿಂತವರಿಗೆ ತಾವು ಏನೇನು ಕೊಟ್ಟೆವೆಂಬುದು ತಿಳಿಯದು. ಆ ಹುಡುಗಿಗೆ ತನ್ನ ಯಾವ ಯಾವ ಕ್ಷಣ ಸೆರೆಯಾಗಿದೆಯೆಂದು ಗೊತ್ತಿಲ್ಲ. ಕೊಳಲಿನ ಹುಡುಗನಿಗೆ ತನ್ನ ದೃಶ್ಯ ಚೆನ್ನಾಗಿ ಬಂದಿತೋ ಇಲ್ಲವೋ ಗೊತ್ತಿಲ್ಲ. “ನಿನ್ನದು ಸರಿಯಾಗಿ ಬಂದಿರಲಿಲ್ಲ” ಎಂದರೆ ನಂಬಿಯಾನು. 5,18,400 ಚೌಕಟ್ಟುಗಳ ಲೆಕ್ಕ ಇರುವುದು ಒಬ್ಬನ ಬಳಿಯಲ್ಲಿ ಮಾತ್ರ. ಆದ್ದರಿಂದ ಅವನ ಹೊಣೆ ಉಳಿದವರೆಲ್ಲರ ಹೊಣೆಗಿಂತ ದೊಡ್ಡದು.

ಮೊಮ್ಮಗನಿಗೆ ಇಷ್ಟನ್ನೇ ಹೇಳಿದೆ: ಬಿಡುವುದೆಲ್ಲವನ್ನೂ ಬಿಡು, ಆದರೆ ಯಾವುದನ್ನು ಏಕೆ ಬಿಟ್ಟೆಯೆಂದು ಅವರ ಮುಖ ನೋಡಿ ಹೇಳಲಾರೆಯೋ ಅಲ್ಲಿ ನಿಲ್ಲು.

ಅವನು ಆ ಹುಡುಗಿಯನ್ನು ಕರೆಸಿ, ಅವಳಿದ್ದ ದೃಶ್ಯಗಳನ್ನೆಲ್ಲ ತೋರಿಸಿದನು. ಬಿದ್ದ ದೃಶ್ಯವನ್ನು ತೆಗೆಯಲು ಹೇಳುವಳೆಂದೇ ನಾನು ತಿಳಿದಿದ್ದೆ. ಅವಳು ಅದನ್ನು ಇಡಲು ಹೇಳಿದಳು. ನಗುವನ್ನು ತೆಗೆದು, ಓಡಿಬಂದು ಎತ್ತಿದವರನ್ನು ತೋರಿಸಲು ಕೇಳಿದಳು. ಅವಳು ಬೇಡವೆಂದದ್ದು ಬೇರೊಂದನ್ನು. ಬಿಡುವಿನ ವೇಳೆಯಲ್ಲಿ ಒಬ್ಬಳೇ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಅವಳಿಗೆ ತಿಳಿಯದಂತೆ ತೆಗೆದ ಆ ತುಣುಕೇ ಇಡೀ ಚಿತ್ರದಲ್ಲಿ ಅತ್ಯುತ್ತಮವೆಂದು ಮೊಮ್ಮಗನು ಭಾವಿಸಿದ್ದನು. ಅವಳು ಕಾರಣ ಹೇಳಲಿಲ್ಲ, ಅವನೂ ಕೇಳಲಿಲ್ಲ. ಪರರ ಏಕಾಂತವನ್ನು ಬಯಲು ಮಾಡುವ ರಹೋಭ್ಯಾಖ್ಯಾನವೂ ಆ ಐದರಲ್ಲಿ ಒಂದೆಂಬುದು ಪಾಠಕರಿಗೆ ತಿಳಿದೇ ಇದೆ. ಆ ತುಣುಕನ್ನು ತೆಗೆದ ಮೇಲೆ ಎರಡನೆಯ ಚರಣ ಸಪ್ಪೆಯಾಯಿತೆಂದು ಅವನಿಗೆ ಇಂದಿಗೂ ವ್ಯಥೆಯಿದೆ. ಪರರ ಹಿತವನ್ನು ಅವರನ್ನು ಕೇಳದೆ ನಿರ್ಣಯಿಸಬಾರದೆಂಬ ಪಾಠ ಮಾತ್ರ ನನಗೂ ದೊರೆಯಿತು. ಕೊಳಲಿನ ಹುಡುಗನು ಒಂದೇ ದಿನ ಬಂದಿದ್ದನು. ಉಪಯುಕ್ತವಾದ ದೃಶ್ಯ ಕೇವಲ 2 ಕ್ಷಣಗಳದ್ದು, 48 ಚೌಕಟ್ಟುಗಳು. ತಂಡದವರೊಡನೆ ಒಂದು ಸಂಜೆಯ ಜಗಳವಾದ ಮೇಲೆ ಅವು ಉಳಿದವು, ಹೆಸರೂ ಉಳಿಯಿತು. ವಿರಸ ಮಾತ್ರ ಹಾಗೆಯೇ ಇದೆ.

ಹೀಗೆ ಉಪದೇಶಿಸಿದ ನನ್ನ ಖಾತೆಯಲ್ಲಿಯೂ ಒಂದು ಬಾಕಿಯಿದೆ. ಅನೇಕ ವರ್ಷಗಳ ಹಿಂದೆ ಬಸದಿಯೊಂದರ ಜೀರ್ಣೋದ್ಧಾರದ ಸ್ಮರಣಸಂಚಿಕೆಯನ್ನು ನಾನು ಸಂಪಾದಿಸಿದ್ದೆ. ಸಮಿತಿಯ ಸದಸ್ಯರ ಭಾವಚಿತ್ರವು ಪುಟದ ಅಗಲಕ್ಕೆ ಹೊಂದದಿದ್ದಾಗ ಅಂಚನ್ನು ಕತ್ತರಿಸಿದೆ. ಆ ಅಂಚಿನಲ್ಲಿ ನಿಂತಿದ್ದವನು ಎರಡು ವರ್ಷ ಕಲ್ಲು ಕೆತ್ತಿದ ಶಿಲ್ಪಿ. ಬಿಡುಗಡೆಯ ದಿನ ಅವನು ಪುಟ ತಿರುವಿ, ಆ ಚಿತ್ರದ ಮೇಲೆ ಬೆರಳಾಡಿಸಿ, ಸಂಚಿಕೆಯನ್ನು ಮುಚ್ಚಿದ್ದನ್ನು ನಾನು ನೋಡಿದೆ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಪುಟದ ಅಗಲವೇ ಕಾರಣವೆಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಇನ್ನೊಂದು ಅಂಚಿನಲ್ಲಿದ್ದವರು ಒಬ್ಬ ದಾನಿಗಳು. ಅತ್ತ ಕತ್ತರಿ ಹೋಗಲಿಲ್ಲ. ಕಾಲಮಿತಿ, ಸ್ಥಳಮಿತಿ ಎಂಬವು ಕತ್ತರಿಸಬೇಕೆಂದು ಮಾತ್ರ ಹೇಳುತ್ತವೆ. ಯಾರನ್ನು ಎಂಬುದನ್ನು ನಿರ್ಣಯಿಸುವುದು ನಮ್ಮ ರಾಗದ್ವೇಷಗಳೇ.

ಈಗ ಪಂಚಕಲ್ಯಾಣ, ರಥೋತ್ಸವ, ವಿಧಾನ ಪೂಜೆಗಳೆಲ್ಲವೂ ಚಿತ್ರೀಕೃತವಾಗುತ್ತಿವೆ. ಗಂಟೆಗಟ್ಟಲೆಯ ದೃಶ್ಯವನ್ನು ಕೆಲವು ನಿಮಿಷಗಳಿಗೆ ಇಳಿಸುವ ಕೆಲಸ ನಮ್ಮ ಮಕ್ಕಳ ಕೈಯಲ್ಲಿದೆ. ಟ್ರಸ್ಟಿನ ಹಿರಿಯರು ಅವರಿಗೆ ಯಾರು ಯಾರು ಕಾಣಿಸಬೇಕೆಂಬ ಪಟ್ಟಿಯನ್ನು ಕೊಡುವುದುಂಟು. ಅದರೊಡನೆ ಅಡುಗೆಯವರು, ವಾದ್ಯದವರು, ಪೆಂಡಾಲು ಹಾಕಿದವರು, ನೆಲ ಗುಡಿಸಿದವರು ಇವರ ಹೆಸರುಗಳನ್ನೂ ಬರೆದುಕೊಡಲಿ. ಆ ಪೂರ್ಣ ಭಾವಚಿತ್ರದ ಪ್ರತಿಯೊಂದನ್ನು ಮೊನ್ನೆ ಪೆಟ್ಟಿಗೆಯಿಂದ ಹುಡುಕಿ ತೆಗೆದಿದ್ದೇನೆ. ಶಿಲ್ಪಿ ಈಗಿಲ್ಲ. ಮುಂದಿನ ಸಂಚಿಕೆಯಲ್ಲಿ ಅದನ್ನು ಅಂಚುಸಹಿತ ಅಚ್ಚು ಮಾಡಬೇಕೆಂದು ಸಮಿತಿಗೆ ಬರೆದಿದ್ದೇನೆ, ಕಾರಣವನ್ನೂ ಬರೆದಿದ್ದೇನೆ.