ಇಂದಿನ ಧಮ್ಮ ಚಿಂತನೆ: ಹೆಮ್ಮೆಗಾಗಿ ಸುಳ್ಳು ಹೇಳಬಹುದೇ?



ಇವತ್ತು ಬರೆಯುವ ಪಾಳಿ ನನ್ನದು. ಸುತ್ತಗಳನ್ನು ವಿವರಿಸುವಷ್ಟು ಪಾಂಡಿತ್ಯ ನನಗಿಲ್ಲ. ನನ್ನ ಕಸುಬಿನಲ್ಲೇ ಎದುರಾದ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ.

ನಾನು ರಾಯಚೂರಿನಲ್ಲಿ ಮಕ್ಕಳಿಗೆ ಟೇಕ್ವಾಂಡೊ ಕಲಿಸುತ್ತೇನೆ. ಭಾನುವಾರ ಬೆಳಿಗ್ಗೆ ಮಾನ್ವಿ, ಮಧ್ಯಾಹ್ನದ ಮೇಲೆ ದೇವದುರ್ಗ. ಬರುವವರಲ್ಲಿ ಹೆಚ್ಚಿನವರು ನಮ್ಮ ಕೇರಿಗಳ ಮಕ್ಕಳೇ. ಬೆಲ್ಟ್ ಪರೀಕ್ಷೆಯಲ್ಲಿ ಕೇಳುವ ಒಂದು ಪ್ರಶ್ನೆ, "ಟೇಕ್ವಾಂಡೊ ಎಷ್ಟು ಹಳೆಯದು?" ಮಕ್ಕಳು ಒಕ್ಕೊರಲಿನಿಂದ ಕೂಗುತ್ತಾರೆ: "2000 ವರ್ಷ, ಸರ್!" ನಾನೂ ಹಾಗೆ ಕೂಗಿಯೇ ಪಾಸಾದವನು.

ಓದುತ್ತಾ ಹೋದಂತೆ ತಿಳಿದದ್ದು ಬೇರೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಓದಲು ಜಪಾನಿಗೆ ಹೋದ ಕೊರಿಯಾದ ಯುವಕರು ಅಲ್ಲಿ ಕರಾಟೆ ಕಲಿತರು. ಫುನಾಕೋಶಿ ಅವರ ಶಿಷ್ಯ ಲೀ ವೊನ್-ಕುಕ್ 1944ರಲ್ಲಿ ಸೋಲ್ ನಗರದಲ್ಲಿ ಶಾಲೆ ತೆರೆದರು. ಟೇಕ್ವಾಂಡೊ ಎಂಬ ಹೆಸರು ಬಂದದ್ದೇ 1955ರಲ್ಲಿ. ಕರಾಟೆಯ 'ಹೈಯಾನ್' ವರಸೆಗಳನ್ನು, ಅವೇ ಅಕ್ಷರಗಳನ್ನು ಕೊರಿಯಾದ ಉಚ್ಚಾರದಲ್ಲಿ ಓದಿ, 'ಪ್ಯೊಂಗಾನ್' ಎಂದು ಕಲಿಸುತ್ತಿದ್ದರು. ಆಮೇಲೆ ಕಾಲಿನ ಆಟವನ್ನು ತಮ್ಮದೇ ರೀತಿಯಲ್ಲಿ ಬೆಳೆಸಿ, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಕ್ರೀಡೆಯಾಗಿ ಮಾಡಿದರು. ಅದು ಅವರ ಸ್ವಂತ ದುಡಿಮೆ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಎರಡು ಸಾವಿರ ವರ್ಷಕ್ಕೆ ಸಾಕ್ಷಿಯೆಂದು ತೋರಿಸುವ ಚಿತ್ರಗಳಲ್ಲಿ ಒಂದು ಸೊಕ್ಗುರಾಮ್ ಗುಹೆಯದು. ಮುಷ್ಟಿ ಬಿಗಿದು ನಿಂತ ಇಬ್ಬರು ವೀರರು. ನೋಡಿದರೆ ಅದು 8ನೇ ಶತಮಾನದ ಬೌದ್ಧ ಗುಹೆ! ಒಳಗೆ ಭಗವಾನ್ ಬುದ್ಧರ ಮೂರ್ತಿಯಿದೆ, ಬಾಗಿಲಲ್ಲಿ ಧಮ್ಮವನ್ನು ಕಾಯುವ ವಜ್ರಪಾಣಿಗಳು ನಿಂತಿದ್ದಾರೆ. ಅವರನ್ನು ಟೇಕ್ವಾಂಡೊ ಪಟುಗಳೆಂದು ಕರೆಯುವುದಕ್ಕೆ ಅಲ್ಲಿ ಯಾವ ಆಧಾರವೂ ಇಲ್ಲ.

ಇದನ್ನೆಲ್ಲ ನಾನು ಮಕ್ಕಳಿಗೆ ಹೇಳತೊಡಗಿದೆ. ಒಂದು ಪಂದ್ಯಾವಳಿಯಲ್ಲಿ ಹಿರಿಯ ಮಾಸ್ಟರ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ತಮ್ಮಾ, ಕರಾಟೆದವ್ರು ಎದುರಿಗೇ ಕ್ಲಾಸ್ ಇಟ್ಟಾರ. ನೀನ ಹೋಗಿ ನಮ್ಮದು ಅವರ ಮಗು ಅಂತ ಹೇಳಿದ್ರ ನಮ್ಮ ಕಡೆ ಯಾರು ಬರ್ತಾರ? ಉಂಡ ಮನಿ ಜಂತಿ ಎಣಿಸಬ್ಯಾಡ." ಇನ್ನೊಬ್ಬರು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಕೊರಿಯಾದವರ ಮೇಲಂತೂ ಇಲ್ಲವೇ ಇಲ್ಲ. ಆಳುವವರು ಅವರ ಭಾಷೆಯನ್ನು ಶಾಲೆಯಿಂದ ಹೊರಹಾಕಿದರು, ಹುಟ್ಟಿದ ಹೆಸರನ್ನೂ ಜಪಾನೀ ಹೆಸರಿಗೆ ಬದಲಿಸಲು ಒತ್ತಾಯಿಸಿದರು. ಅಂಥ ಜನ ಸ್ವತಂತ್ರರಾದ ಮೇಲೆ, ನಮ್ಮ ಕೈಯಲ್ಲಿರುವ ಈ ವಿದ್ಯೆ ಆಳಿದವರದು ಎಂದು ಹೇಳಿಕೊಳ್ಳುವುದು ಸುಲಭವೇ? ಹೆಸರನ್ನೂ ಚರಿತ್ರೆಯನ್ನೂ ಕಸಿದುಕೊಂಡರೆ ಹೇಗಿರುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? (ಜಪಾನಿನವರೂ ಅದನ್ನೇ ಮಾಡಿದ್ದರು. ಕರಾಟೆ ಎಂದರೆ ಮೊದಲು 'ಚೀನಾದ ಕೈ' ಎಂಬ ಅರ್ಥದ ಅಕ್ಷರಗಳು. 1930ರ ದಶಕದಲ್ಲಿ ಅದು 'ಬರಿಗೈ' ಆಯಿತು.)

ಇಲ್ಲಿಯವರೆಗೆ ನಾನು ಬೇರೆಯವರ ಸುಳ್ಳಿನ ಬಗ್ಗೆ ಮಾತಾಡುತ್ತಿದ್ದೆ, ಅದರಲ್ಲಿ ಕಷ್ಟವೇನೂ ಇರಲಿಲ್ಲ. ಈಗ ನನ್ನದು.

ಮಾನ್ವಿಯ ಕ್ಲಾಸಿನ ಗೋಡೆಯ ಮೇಲೆ ಬೋಧಿಧರ್ಮರ ಚಿತ್ರವಿದೆ. ಕೆಳಗೆ "ಕುಂಗ್‌ಫೂ, ಕರಾಟೆ, ಟೇಕ್ವಾಂಡೊಗಳ ಪಿತಾಮಹ, ಭಾರತದ ಬೌದ್ಧ ಭಿಕ್ಕು" ಎಂದು ಬರೆಸಿದವನು ನಾನೇ. 2011ರಲ್ಲಿ ಸೂರ್ಯ ಅವರ ಸಿನಿಮಾ ತೆಲುಗಿನಲ್ಲಿ ಬಂದಾಗ ನೋಡಿ ಮೈಯೆಲ್ಲಾ ರೋಮಾಂಚನವಾಗಿತ್ತು. ಇದೇ ಗ್ರೂಪಿನಲ್ಲಿ ಆ ಕಥೆಯನ್ನು ನಾನು ಎಷ್ಟು ಸಲ ಫಾರ್ವರ್ಡ್ ಮಾಡಿದ್ದೇನೋ ಲೆಕ್ಕವಿಲ್ಲ.

ಆದರೆ ಬೋಧಿಧರ್ಮರು ಶಾವೊಲಿನ್‌ನಲ್ಲಿ ಕಸರತ್ತು ಕಲಿಸಿದರೆಂಬ ಮಾತಿಗೆ ಮೂಲವಾದ 'ಯಿ ಜಿನ್ ಜಿಂಗ್' ಎಂಬ ಪುಸ್ತಕ ಹುಟ್ಟಿದ್ದು 1624ರ ಸುಮಾರಿಗೆ. ಅವರ ಕಾಲಕ್ಕೆ ಸಾವಿರ ವರ್ಷದ ನಂತರ! ಅದರ ಮುನ್ನುಡಿಗಳು ಖೊಟ್ಟಿ ಎಂದು ಚೀನಾದ ವಿದ್ವಾಂಸರೇ ತೋರಿಸಿದ್ದಾರೆ. ಕೊರಿಯಾದವರ ಎರಡು ಸಾವಿರ ವರ್ಷವನ್ನು ಅಳಿಸಿದವನು ನನ್ನ ಗೋಡೆಯನ್ನು ಹಾಗೇ ಬಿಡಬಹುದೇ?

ಗ್ರೂಪಿನ ಹಿರಿಯರೊಬ್ಬರಿಗೆ ಹೇಳಿದೆ. ಅವರಿಗೆ ನೋವಾಯಿತು. "ನಮ್ಮ ಹುಡುಗರಿಗೆ ತಲಿ ಎತ್ತಿ ನಡಿಯಾಕ ಒಂದು ಕಥಿ ಐತಿ. ಅದನ್ನೂ ಕಸ್ಗೊಂತೀಯೇನಪಾ?" ಈ ಮಾತಿಗೆ ನನ್ನ ಬಳಿ ತಕ್ಷಣ ಉತ್ತರವಿರಲಿಲ್ಲ. ಈಗಲೂ ಅದು ಚುಚ್ಚುತ್ತದೆ.

ಅಭಯರಾಜಕುಮಾರ ಸುತ್ತದಲ್ಲಿ ಭಗವಾನರು ರಾಜಕುಮಾರನ ತೊಡೆಯ ಮೇಲಿದ್ದ ಕೂಸನ್ನು ತೋರಿಸಿ ಕೇಳುತ್ತಾರೆ, ಇದು ಬಾಯಲ್ಲಿ ಕಡ್ಡಿಯನ್ನೋ ಕಲ್ಲನ್ನೋ ಹಾಕಿಕೊಂಡರೆ ಏನು ಮಾಡುವೆ? ರಕ್ತ ಬಂದರೂ ಬೆರಳು ಹಾಕಿ ತೆಗೆಯುತ್ತೇನೆ, ಏಕೆಂದರೆ ಅದರ ಮೇಲೆ ಕರುಣೆಯಿದೆ ಎನ್ನುತ್ತಾನೆ ಅವನು. ಅಪ್ರಿಯವಾದರೂ ನಿಜವೂ ಹಿತವೂ ಆದ ಮಾತನ್ನು ತಥಾಗತರು ಸಮಯ ನೋಡಿ ಆಡುತ್ತಾರೆ ಎಂದು ಅಲ್ಲಿ ಬರುತ್ತದೆ. ನಾನು ಸಿಕ್ಕಿಬಿದ್ದಿರುವುದು ಈ 'ಸಮಯ'ದಲ್ಲಿ. ಹತ್ತು ವರ್ಷದ ಮಗುವಿಗೆ ಯಾವಾಗ ಹೇಳಬೇಕು? ನನ್ನ ಮಟ್ಟಿಗೆ, ಸುಳ್ಳು ಬಾಯಿಪಾಠವಾಗುವ ಮೊದಲೇ.

ಬಾಬಾಸಾಹೇಬರು ನಮಗಾಗಿ 'ಬುದ್ಧ ಮತ್ತು ಅವನ ಧಮ್ಮ' ಬರೆದಾಗ, ಜಗತ್ತಿನ ಬೌದ್ಧರೆಲ್ಲ ನಂಬಿದ್ದ ನಾಲ್ಕು ದೃಶ್ಯಗಳ ಕಥೆಯನ್ನೇ ಪ್ರಶ್ನಿಸಿದರು. 29 ವರ್ಷದವರೆಗೆ ಒಬ್ಬ ಮುದುಕನನ್ನೂ ಶವವನ್ನೂ ನೋಡದೇ ಇರಲು ಸಾಧ್ಯವೇ ಎಂದು ಕೇಳಿದರು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ನಡೆದ ಜಗಳವನ್ನು ಮುಂದೆ ತಂದರು. ಕಾಲುವೆಯ ಕೊನೆ ಭಾಗದ ರೈತರ ನೀರಿನ ಜಗಳ ಕಂಡ ನಮ್ಮ ಜಿಲ್ಲೆಯವರಿಗೆ ಅದು ಎಷ್ಟು ಬೇಗ ಅರ್ಥವಾಗುತ್ತದೆ! ತಮ್ಮ ಜನಕ್ಕೆ ಸುಂದರವಾದ ಕಥೆ ಬೇಕೆಂದು ಅವರು ಬುದ್ಧಿಯನ್ನು ಪಕ್ಕಕ್ಕಿಡಲಿಲ್ಲ.

ಇನ್ನು ಹೆಮ್ಮೆಗೆ ನಮಗೇನು ಬಡತನ? ಶಾಸನಗಳ 'ದೇವಾನಾಂಪ್ರಿಯ' ಅಶೋಕನೇ ಎಂದು ಸಿಂಹಳದ ಗ್ರಂಥಗಳಿಂದ ವಿದ್ವಾಂಸರು ತಿಳಿದಿದ್ದರು. ಆ ಹೆಸರು ಬಂಡೆಯ ಮೇಲೆ ಕಂಡದ್ದು 1915ರಲ್ಲಿ, ನಮ್ಮ ಮಸ್ಕಿಯಲ್ಲಿ. ಹೋದ ಚಳಿಗಾಲದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ದೇವದುರ್ಗದ ಹುಡುಗಿಯೊಬ್ಬಳು ಬಂಡೆಯನ್ನು ನೋಡಿ, "ಸರ್, ಇದು ಖರೇನಾ, ಇಲ್ಲಾ ಇದೂ ಹಂಗೇನಾ?" ಎಂದು ಕೇಳಿದಳು. ನನಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. "ಇದು ಖರೇನ ಅದವಾ" ಎಂದೆ. "ಹೆಂಗ ಗೊತ್ತು?" ಎಂದು ಮತ್ತೆ ಕೇಳಿದಳು. ಕೂತು ಹೇಳಲು ಅರ್ಧ ತಾಸು ಹಿಡಿಯಿತು.

ಮಾನ್ವಿಯ ಪೇಂಟರ್‌ಗೆ ಮುಂದಿನ ಭಾನುವಾರ ಬರಲು ಹೇಳಿದ್ದೇನೆ. ಬೋಧಿಧರ್ಮರು ಗೋಡೆಯ ಮೇಲೇ ಇರುತ್ತಾರೆ, ಧ್ಯಾನದ ಆಚಾರ್ಯರಾಗಿ. ಕೆಳಗಿನ ಸಾಲು ಮಾತ್ರ ಹೋಗುತ್ತದೆ. "ಅಲ್ಲಿ ಏನ್ ಬರೀಲಿ ಸರ್?" ಎಂದು ಅವನು ಕೇಳಿದ. ಇನ್ನೂ ಹೇಳಿಲ್ಲ. ನಿಮಗೇನಾದರೂ ತೋಚಿದರೆ ಗ್ರೂಪಿನಲ್ಲಿ ಬರೆಯಿರಿ.

ಭವತು ಸಬ್ಬ ಮಂಗಲಂ. ಜೈ ಭೀಮ್.